ಏರಿ ಸರ್ಕಾರಿ ಶಾಲೆ ಬಿಡಿಸಿ ಪೇಟೆ ಕೆಪಿಎಸ್‌ಗೆ (ಕರ್ನಾಟಕ ಪಬ್ಲಿಕ್ ಸ್ಕೂಲ್) ಹಾಕೋದಾ? – ಬಡಾವಣೆ ಗುಂಪು

3ನೇ ಕ್ರಾಸ್, ಹಸಿರು ಗೇಟ್: ರಾತ್ರಿ ಮಳೆಗೆ ಮತ್ತೆ ನಲಿಕಲಿ ಕೊಠಡಿ (ಒಂದರಿಂದ ಮೂರರ ಮಕ್ಕಳು ಒಟ್ಟಿಗೆ ಕಾರ್ಡಿಂದ ಕಲಿಯೋ ಕೋಣೆ) ಒಳಗೆ ಗೇಣುದ್ದ ನೀರು. ಕಾರ್ಡು, ಚಾಪೆ ಎಲ್ಲಾ ಹಾಳು. ಇವತ್ತು ಒಂದರಿಂದ ಐದರವರೆಗೂ ಒಂದೇ ಕೋಣೆ. ಸಾಕಾಯ್ತು. ನಾಳೆನೇ ಟಿಸಿ ತಗೊಂಡು ಪೇಟೆ ಕೆಪಿಎಸ್‌ಗೆ ಹಾಕೋಣ. ಎಂಟು ಮಕ್ಕಳಾಗ್ತಾರೆ. ಇನ್ಯಾರು ಬರ್ತೀರಿ?

22ನೇ ಮನೆ: ಇದಕ್ಕೆಲ್ಲಾ ಹಿಂದಿನ ಎಸ್‌ಡಿಎಂಸಿನೇ (ಶಾಲಾಭಿವೃದ್ಧಿ ಸಮಿತಿ) ಕಾರಣ. ಅವತ್ತೇ ಹೇಳಿದ್ದೆ.

ಮೂಲೆಮನೆ: ಒಂದು ಸಭೆಗೂ ಬರದೋರು ಯಾರಿಗೆ ಹೇಳಿದ್ರಿ?

22ನೇ ಮನೆ: ಮಕ್ಕಳನ್ನ ವ್ಯಾನ್ ಹತ್ತಿಸಿ ಕಾನ್ವೆಂಟಿಗೆ ಕಳಿಸೋರು ಸರ್ಕಾರಿ ಶಾಲೆ ಬಗ್ಗೆ ಮಾತಾಡಬೇಡಿ.

ಮೇಡಂ, 1ನೇ ಕ್ರಾಸ್: ಟಿಸಿಗೆ ಮೊದಲು ಲೆಕ್ಕ ನೋಡಿ. ಏರಿ ಶಾಲೆಲಿ 58 ಮಕ್ಕಳು, ಇಬ್ಬರು ಶಿಕ್ಷಕರು. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಒಂದರಿಂದ ಐದಕ್ಕೆ 60ರವರೆಗೆ ಇಬ್ಬರು, 61 ಆದ್ರೆ ಮೂವರು. ಇನ್ನು ಮೂರೇ ಮಕ್ಕಳು ಸೇರಿದ್ರೆ ಮೂರನೇ ಶಿಕ್ಷಕರನ್ನ ಹಕ್ಕಿನಿಂದ ಕೇಳಬಹುದು. ಯುಡೈಸ್‌ಗೆ (ಸರ್ಕಾರದ ಶಾಲಾ ಅಂಕಿಅಂಶ ದಾಖಲೆ) ಹೋಗೋದು ಸೆಪ್ಟೆಂಬರ್ 30ರ ದಾಖಲಾತಿ. ಈಗ ಎಂಟು ಜನ ಬಿಡಿಸಿದ್ರೆ ಆ ದಾರಿ ಮುಚ್ಚಿತು. ಇಬ್ಬರೇ ಶಿಕ್ಷಕರಿದ್ರೆ, ಒಬ್ಬರು ತರಬೇತಿಗೆ ಹೋದ ದಿನ ಇನ್ನೊಬ್ಬರೇ ಐದೂ ತರಗತಿ ಹಿಡೀಬೇಕು, ನಾಲ್ಕು-ಐದರ ಗಣಿತ ನಿಲ್ಲೋದೇ ಆವಾಗ.

ಕೆಪಿಎಸ್ ಬೇಡ ಅಂತಲ್ಲ. ಪಿಯುಸಿವರೆಗೆ ಒಂದೇ ಆವರಣ, ಐದಾದ ಮೇಲೆ ಶಾಲೆ ಹುಡುಕೋ ಗೋಳಿಲ್ಲ. ಆದ್ರೆ ಇಂಗ್ಲಿಷ್ ಮೀಡಿಯಂ ಬೋರ್ಡ್ ನೋಡಿ ಮರುಳಾಗಬೇಡಿ. ಮುಖ್ಯ ಶಿಕ್ಷಕರನ್ನ ಕೇಳಿಕೊಂಡು ಒಳಗೆ ಹೋಗಿ. ಒಂದನೇ ತರಗತಿ ಕೋಣೆಲಿ 30 ದಾಟಿದ್ದಾರಾ ಎಣಿಸಿ. ಎರಡೂ ಶಾಲೆಲಿ ಐದನೇ ತರಗತಿ ಮಕ್ಕಳಿಗೆ ಮೂರನೇ ತರಗತಿ ಪುಸ್ತಕದ ಒಂದೇ ಪ್ಯಾರಾ ಓದಿಸಿ, 84ನ್ನ 6ರಿಂದ ಭಾಗಿಸೋಕೆ ಕೊಡಿ. ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ ತಿರುಗಿಸಿ ನೋಡಿ. ಕೆಲವು ಕಡೆ ಮೇಲೆ ಟ್ಯಾಂಕ್ ಇರುತ್ತೆ, ಕೆಳಗೆ ಪೈಪ್ ಜೋಡಿಸಿರೋದೇ ಇಲ್ಲ.

14ನೇ ಮನೆ: (ಫಾರ್ವರ್ಡ್) ಶುಭೋದಯ 🙏🌺

ಹಸಿರು ಗೇಟ್: ಆ ಮೂರು ಮಕ್ಕಳು ಎಲ್ಲಿಂದ ಬರ್ತಾರೆ ಮೇಡಂ?

ಮೇಡಂ: ಹೊಸ ಲೇಔಟ್ ಶೆಡ್‌ಗಳಲ್ಲಿ ಕೆಲಸಗಾರರ ಮಕ್ಕಳು ನಾಲ್ಕು ಜನ ಶಾಲೆಗೇ ಹೋಗ್ತಿಲ್ಲ. ವಯಸ್ಸಿನ ದಾಖಲೆ ಇಲ್ಲ, ವರ್ಷದ ಮಧ್ಯ ಅಂತ ವಾಪಸ್ ಕಳಿಸೋ ಹಾಗಿಲ್ಲ. ಟಿಸಿ ತಡವಾದ್ರೂ ಸೇರಿಸ್ಕೋಬೇಕು. ಭಾನುವಾರ ಅಪ್ಪ-ಅಮ್ಮ ಇಬ್ಬರೂ ಸಿಗ್ತಾರೆ. ನನ್ನ ಜೊತೆ ಯಾರು ಬರ್ತೀರಿ?

22ನೇ ಮನೆ: ಮೊದಲು ಮೋರಿ ಮಾತಾಡಿ. ನೀರು ನುಗ್ಗಿದ್ದು ಶಾಲೆ ತಪ್ಪಲ್ಲ. ಮೂಲೆಮನೆಯೋರು ರ‍್ಯಾಂಪ್ ಹಾಕಿಸಿ ಸ್ಲ್ಯಾಬ್ ಕೆಳಗೆ ಅರ್ಧ ಅಡಿನೂ ಬಿಟ್ಟಿಲ್ಲ.

ಮೂಲೆಮನೆ: ರ‍್ಯಾಂಪ್ ಕೆಳಗೆ ಒಂದಡಿ ಪೈಪ್ ಇದೆ, ಬಂದು ನೋಡಿ. ಹೂಳು ತುಂಬಿರೋದು ನಿಮ್ಮ ಕಡೆ.

9ನೇ ಮನೆ: ಜಗಳ ಬಿಡಿ. ಜೆಸಿಬಿ ಗಂಟೆಗೆ 1,200 ಅಂತೆ, ಎರಡು ಗಂಟೆ ಸಾಕು. ಮನೆಗೆ 100 ಹಾಕೋಣ್ವಾ?

22ನೇ ಮನೆ: ಭಾನುವಾರ ಬೆಳಗ್ಗೆನೇ ಕರೆಸಿ. ಎಲ್ಲಾರೂ ಮೋರಿ ಹತ್ರ ಇರಬೇಕು.

ಹಸಿರು ಗೇಟ್: 👍

ಮೇಡಂ: ಶೆಡ್‌ಗೆ ಯಾರು ಬರ್ತೀರಿ ಅಂತ ಯಾರೂ ಹೇಳಲಿಲ್ಲ.

9ನೇ ಮನೆ: ದುಡ್ಡು ನನಗೇ ಕಳಿಸಿ, ಮನೆ ನಂಬರ್ ಬರೀರಿ.