ವಾರಸುದಾರ, ದಾಯಾದಿ, ಪಿತ್ರಾರ್ಜಿತ: ಕಾನೂನಿನಲ್ಲಿ ಇವುಗಳ ಅರ್ಥವೇನು?

ಪ್ರಶ್ನೆ:
ನಮ್ಮ ತಂದೆಯವರು 1992ರಲ್ಲಿ ಸ್ವಂತ ದುಡಿಮೆಯ ಹಣದಿಂದ ನಾಲ್ಕು ಎಕರೆ ಖುಷ್ಕಿ ಜಮೀನು ಕೊಂಡಿದ್ದರು. ಉಯಿಲು ಬರೆಯದೆ 2019ರಲ್ಲಿ ತೀರಿಕೊಂಡರು. ತಾಯಿ, ನಾನು, ತಮ್ಮ ಹಾಗೂ 1990ರಲ್ಲಿ ಮದುವೆಯಾದ ಅಕ್ಕ ಇದ್ದೇವೆ. ಪೌತಿ ಖಾತೆಗೆ (ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು) ಅರ್ಜಿ ಕೊಡಲು ಹೊರಟಾಗ ಊರಿನ ಹಿರಿಯರು, ಇದು ಪಿತ್ರಾರ್ಜಿತವಾದ್ದರಿಂದ 1994ಕ್ಕೆ ಮೊದಲು ಮದುವೆಯಾದ ಮಗಳು ದಾಯಾದಿಯಲ್ಲ, ಅವಳಿಗೆ ಪಾಲಿಲ್ಲ ಎಂದರು. ಇದು ಸರಿಯೇ?

ಉತ್ತರ 1:
ನೀವು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟವರೆಂದು ಭಾವಿಸಿ ಬರೆಯುತ್ತಿದ್ದೇನೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಪಡೆಯುವವರು ದಾಯಾದಿಗಳು. ಒಡೆಯನ ಮರಣದಿಂದ ಹಕ್ಕು ಪಡೆಯುವವರು ವಾರಸುದಾರರು. ಹಿರಿಯರು ನೆನಪಿಸಿಕೊಂಡಿರುವ 1994ರ ಕರ್ನಾಟಕ ತಿದ್ದುಪಡಿ ದಾಯಾದಿಗಳಿಗೆ ಮಾತ್ರ ಸಂಬಂಧಿಸಿದ್ದು. ಮದುವೆಯ ಆ ಷರತ್ತು ಕೂಡ 2005ರ ಕೇಂದ್ರ ತಿದ್ದುಪಡಿಯ ಮುಂದೆ ನಿಲ್ಲುವುದಿಲ್ಲ. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸುಪ್ರೀಂ ಕೋರ್ಟು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಜಮೀನಿಗಂತೂ ಆ ಚರ್ಚೆಯೇ ಬೇಕಿಲ್ಲ. ಅಪ್ಪನಿಂದ ಬಂದದ್ದನ್ನೆಲ್ಲ ನಾವು ಪಿತ್ರಾರ್ಜಿತ ಎನ್ನುತ್ತೇವಾದರೂ, ತಂದೆ ತಾವೇ ಕೊಂಡದ್ದು ಸ್ವಯಾರ್ಜಿತ. ಅದರಲ್ಲಿ ಮಗಳು 1956ರಿಂದಲೂ ಮಗನಷ್ಟೇ ಸಮನಾದ ಮೊದಲ ವರ್ಗದ, ಅಂದರೆ ಎಲ್ಲರಿಗಿಂತ ಮೊದಲು ಪಾಲು ಪಡೆಯುವ, ವಾರಸುದಾರಳು.

ಉತ್ತರ 2:
ಒಂದು ವಿಷಯ ಕೇಳಬೇಕು: 2019ರಲ್ಲಿ ನಿಮ್ಮ ಅಜ್ಜಿ, ಅಂದರೆ ತಂದೆಯ ತಾಯಿ, ಬದುಕಿದ್ದರೇ? ಮೃತನ ತಾಯಿಯೂ ಮೊದಲ ವರ್ಗದಲ್ಲಿದ್ದಾರೆ. ಮೃತನ ತಂದೆ ಮಾತ್ರ ಎರಡನೆಯ ವರ್ಗಕ್ಕೆ ಸೇರುತ್ತಾರೆ. ವಂಶವೃಕ್ಷ ಮಾಡಿಸುವಾಗ ಹೆಚ್ಚಾಗಿ ಬಿಟ್ಟುಹೋಗುವ ಹೆಸರು ಇದೇ.

ಪ್ರಶ್ನೆ ಕೇಳಿದವರು:
ಬದುಕಿದ್ದರು; 2021ರಲ್ಲಿ ತೀರಿಕೊಂಡರು. ತಾತ ಮೊದಲೇ ಇರಲಿಲ್ಲ. ಅಜ್ಜಿಗೆ ಮಕ್ಕಳೆಂದರೆ ನಮ್ಮ ತಂದೆ ಮತ್ತು ಚಿಕ್ಕಪ್ಪ, ಇಬ್ಬರೇ. ಅಕ್ಕ ತನಗೆ ಪಾಲು ಬೇಡವೆಂದು ಬಾಯಿಮಾತಿನಲ್ಲಿ ಹೇಳಿದ್ದಾಳೆ.

ಉತ್ತರ 2:
ಹಾಗಾದರೆ ನಾಲ್ಕು ಎಕರೆ, ಅಂದರೆ 160 ಗುಂಟೆ, ನಿಮ್ಮ ತಾಯಿ, ಮೂವರು ಮಕ್ಕಳು ಹಾಗೂ ಅಜ್ಜಿಗೆ ಐದು ಪಾಲಾಗಿ ತಲಾ 32 ಗುಂಟೆ ಬರುತ್ತದೆ. ಅಜ್ಜಿ ಉಯಿಲು ಬರೆದಿಲ್ಲವಾದರೆ ಅವರ 32 ಗುಂಟೆಯಲ್ಲಿ ಚಿಕ್ಕಪ್ಪನಿಗೆ 16, ಉಳಿದ 16 ನಿಮ್ಮ ತಂದೆಯ ಬದಲಿಗೆ ನಿಮ್ಮ ಮೂವರಿಗೆ. ತಾಯಿಗೆ ಇದರಲ್ಲಿ ಪಾಲಿಲ್ಲ. ಸ್ವಯಾರ್ಜಿತ ಜಮೀನಿನಲ್ಲಿ ಚಿಕ್ಕಪ್ಪನ ಹೆಸರೇ ಎಂದು ಮನೆಯಲ್ಲಿ ಕೋಪ ಬರಬಹುದು, ಆದರೆ ಲೆಕ್ಕ ಇರುವುದು ಹಾಗೆಯೇ. ಅಕ್ಕನ ಬಾಯಿಮಾತಿಗೆ ಬೆಲೆಯಿಲ್ಲ: ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು, ಅದೂ ಅವರು ನಿಜವಾಗಿ ಮನಸಾರೆ ಒಪ್ಪಿದರೆ. ಪೌತಿ ಖಾತೆ ಯಾರ ಹೆಸರಿಗೆ ಆದರೂ ಅದು ಕಂದಾಯದ ದಾಖಲೆಯಷ್ಟೇ; ಬಿಟ್ಟುಹೋದ ವಾರಸುದಾರರ ಹಕ್ಕು ಅದರಿಂದ ಅಳಿಯುವುದಿಲ್ಲ. ಆದ್ದರಿಂದ ಅರ್ಜಿ ಕೊಡುವ ಮೊದಲೇ ವಂಶವೃಕ್ಷದಲ್ಲಿ ಅಜ್ಜಿಯನ್ನೂ ಚಿಕ್ಕಪ್ಪನನ್ನೂ ಸೇರಿಸಿ.