ಹೋಟೆಲ್ ಆಕ್ಯುಪೆನ್ಸಿ ಟ್ಯಾಕ್ಸ್‌ಗೆ ಕನ್ನಡದಲ್ಲಿ ಏನಂತೀರಿ? ತಂಗು ತೆರಿಗೆ? ವಸ್ತಿ ತೆರಿಗೆ?

ಎಲ್ಲರಿಗೂ ನಮಸ್ಕಾರ. ಒಂದು ಪದ ಕೇಳೋಣ ಅಂತ ಕೂತೆ, ಬರೀತಾ ಬರೀತಾ ನಾಲ್ಕೈದು ಪದ ಆಯ್ತು, ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ ಹೇಳಿ.

ನಾನಿರೋದು ಟೆಕ್ಸಸ್‌ನಲ್ಲಿ, ಡಾಲಸ್ ಪಕ್ಕದ ಒಂದು ಊರು. ನಮ್ಮ ಕನ್ನಡ ಸಂಘದಿಂದ ಪ್ರತಿ ವರ್ಷ ರಾಜ್ಯೋತ್ಸವ ಮಾಡ್ತೀವಿ, ನಾಟಕವೋ ಯಕ್ಷಗಾನವೋ ಇರುತ್ತೆ, ಹ್ಯೂಸ್ಟನ್ ಆಸ್ಟಿನ್ ಕಡೆಯಿಂದಲೂ ಜನ ಬರ್ತಾರೆ. ಹೋದ ವರ್ಷ ಸಿಟಿಯವರು ಕೊಡೋ ಗ್ರಾಂಟ್‌ಗೆ ಅರ್ಜಿ ಹಾಕೋಣ ಅಂತಾಯ್ತು. ಆ ದುಡ್ಡು ಬರೋದು ಹೋಟೆಲ್ ಆಕ್ಯುಪೆನ್ಸಿ ಟ್ಯಾಕ್ಸ್‌ನಿಂದ, ಅಂದ್ರೆ ಹೋಟೆಲ್‌ನಲ್ಲಿ ರೂಮ್ ತಗೊಂಡು ಉಳಿಯೋರು ಬಾಡಿಗೆ ಜೊತೆ ಕೊಡೋ ತೆರಿಗೆಯಿಂದ. ಸದಸ್ಯರಿಗೆಲ್ಲ ಕನ್ನಡದಲ್ಲಿ ಒಂದು ಸುತ್ತೋಲೆ ಬರೆಯೋ ಕೆಲಸ ನನ್ನ ಪಾಲಿಗೆ ಬಂತು, ನಾನು ಹೆಚ್ಚು ಯೋಚನೆ ಮಾಡದೆ "ಹೋಟೆಲ್ ತೆರಿಗೆ" ಅಂತ ಬರೆದು ಕಳಿಸಿದೆ.

ಮಾರನೇ ದಿನ ಹಿರಿಯರೊಬ್ಬರು ಫೋನ್ ಮಾಡಿದ್ರು, "ಅಲ್ರೀ, ನಾವು ಊಟ ಮಾಡಿದ್ದಕ್ಕೆ ಕಟ್ಟೋ ಟ್ಯಾಕ್ಸ್ ನಮ್ಮ ನಾಟಕಕ್ಕೆ ಯಾಕೆ ಕೊಡ್ತಾರೆ" ಅಂತ. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮಗೆ ಹೋಟ್ಲು ಅಂದ್ರೆ ತಿಂಡಿ ಕಾಫಿ. ಹೋಟ್ಲಿಗೆ ಹೋಗೋಣ್ವಾ ಅಂದ್ರೆ ಮಲಗೋಕೆ ಹೋಗೋಣ್ವಾ ಅಂತ ಯಾರೂ ತಿಳ್ಕೊಳ್ಳಲ್ಲ. ಮಲಗೋ ಜಾಗ ಲಾಡ್ಜು. ಇಲ್ಲೂ ನ್ಯೂ ಮೆಕ್ಸಿಕೋದವರು ಲಾಡ್ಜರ್ಸ್ ಟ್ಯಾಕ್ಸ್ ಅಂತಾರೆ, ವಾಷಿಂಗ್ಟನ್ ರಾಜ್ಯದಲ್ಲಿ ಲಾಡ್ಜಿಂಗ್ ಟ್ಯಾಕ್ಸ್, ಆದರೆ "ಲಾಡ್ಜ್ ತೆರಿಗೆ" ಅಂತ ಕನ್ನಡದಲ್ಲಿ ಬರೆದ್ರೆ ಬಸ್ ಸ್ಟ್ಯಾಂಡ್ ಎದುರಿನ ಬೋರ್ಡಿಂಗ್ ಅಂಡ್ ಲಾಡ್ಜಿಂಗ್ ಬೋರ್ಡೇ ಕಣ್ಮುಂದೆ ಬರುತ್ತೆ, ಅದೂ ಕೂರಲ್ಲ.

ಹೋಟೆಲ್ ತೆರಿಗೆ ಅಂದ್ರೆ ಇನ್ನೊಂದು ತೊಂದರೆ, ಹೋಟೆಲ್ ಮಾಲೀಕ ತನ್ನ ಜೇಬಿಂದ ಕಟ್ಟೋದು ಅನ್ನೋ ಅರ್ಥ ಬರುತ್ತೆ. ಹಾಗಲ್ಲ, ಕೊಡೋರು ರೂಮ್ ತಗೊಂಡೋರು, ಹೋಟೆಲ್‌ನವರು ವಸೂಲಿ ಮಾಡಿ ಕಟ್ತಾರೆ ಅಷ್ಟೆ. 100 ಡಾಲರ್ ರೂಮ್ ಆದ್ರೆ ಬಿಲ್ಲಿನಲ್ಲಿ ಅದರ ಕೆಳಗೆ ರಾಜ್ಯದ್ದು ಅಂತ 6 ಡಾಲರ್, ಊರಿಂದು ಅಂತ 7 ಡಾಲರ್ (ಹೆಚ್ಚಿನ ಊರುಗಳಲ್ಲಿ ಮಿತಿ 7 ಪರ್ಸೆಂಟ್), ಬೇರೆ ಬೇರೆ ಸಾಲು. ಆ ಎರಡನೇ ಸಾಲಿನ 7 ಡಾಲರೇ ಸಿಟಿಯ ಗಂಟು, ನಾವು ಅರ್ಜಿ ಹಾಕೋದು ಅದರಿಂದ. ಡಾಲಸ್‌ನಲ್ಲಿ 2022ರ ನವೆಂಬರ್‌ನಲ್ಲಿ ಊರಿನ ಜನ ಓಟು ಹಾಕಿ ಅದಕ್ಕೆ ಇನ್ನೂ 2 ಪರ್ಸೆಂಟ್ ಸೇರಿಸಿದ್ರು, ಕನ್ವೆನ್ಷನ್ ಸೆಂಟರ್ ಮತ್ತೆ ಫೇರ್ ಪಾರ್ಕ್ ಕೆಲಸಕ್ಕೆ ಅಂತ. ಓಟು ಹಾಕಿದ್ದು ಊರೋರು, ಹೆಚ್ಚಾಗಿ ಕೊಡೋರು ಪರಸ್ಥಳದವರು. ಈ "ಪರಸ್ಥಳದವರು" ಅನ್ನೋ ಪದ ಎಷ್ಟು ಚೆನ್ನಾಗಿದೆ ನೋಡಿ, ಜಾತ್ರೆ ಕರಪತ್ರದಲ್ಲಿ "ಪರಸ್ಥಳಗಳಿಂದ ಬರುವ ಭಕ್ತಾದಿಗಳಿಗೆ ಊಟ ವಸತಿ ವ್ಯವಸ್ಥೆ ಇರುತ್ತದೆ" ಅಂತ ಇರುತ್ತಲ್ಲ, ಅದೇ. ಇಲ್ಲಿನ ಕಾನೂನಿನಲ್ಲಿ ಟೂರಿಸ್ಟ್ ಅಂದ್ರೆ ತಾನಿರೋ ಊರು ಬಿಟ್ಟು ಬೇರೆ ಊರಿಗೆ ಸಂತೋಷಕ್ಕೋ ಕಲಿಯೋದಕ್ಕೋ ಸಂಸ್ಕೃತಿಗೋ ಬಂದವನು. "ಪ್ರವಾಸಿ" ಅಂತ ಬರೆದ್ರೆ ನಮ್ಮ ಜನ ಕ್ಯಾಮೆರಾ ಹಾಕ್ಕೊಂಡು ಜೋಗ ನೋಡೋಕೆ ಹೋಗೋರನ್ನ ನೆನೆಸ್ಕೊಳ್ತಾರೆ, ನಾಟಕ ನೋಡೋಕೆ ಹ್ಯೂಸ್ಟನ್‌ನಿಂದ ಬಂದ ದಂಪತಿ ತಾವು ಪ್ರವಾಸಿಗಳು ಅಂತ ಅಂದುಕೊಳ್ಳೋದೇ ಇಲ್ಲ. ಅದಕ್ಕೆ ನಾನೀಗ ಪರಸ್ಥಳದವರು ಅಂತಲೇ ಬರೀತಿದ್ದೀನಿ.

ಕರ್ನಾಟಕದ ಹಳೇ ಪದ ಸಿಗುತ್ತಾ ಅಂತಲೂ ನೋಡಿದೆ. ನಮ್ಮಲ್ಲಿ ಹೋಟೆಲ್ ರೂಮಿನ ಮೇಲೆ 1979ರ ಕಾಯ್ದೆ ಪ್ರಕಾರ ಲಕ್ಷುರಿ ಟ್ಯಾಕ್ಸ್ ಇತ್ತು, 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಅದರೊಳಗೆ ಸೇರಿಹೋಯ್ತು. ಪೇಪರ್‌ನೋರು ಐಷಾರಾಮಿ ತೆರಿಗೆ, ವಿಲಾಸಿ ತೆರಿಗೆ ಅಂತ ಬರೀತಿದ್ರು. ಇಲ್ಲಿಗೆ ಅದು ಒಪ್ಪೋದೇ ಇಲ್ಲ. ಟೆಕ್ಸಸ್‌ನಲ್ಲಿ ದಿನಕ್ಕೆ 2 ಡಾಲರ್ ಮೇಲಿನ ಯಾವ ರೂಮಿಗೂ ಊರಿನ ಟ್ಯಾಕ್ಸ್ ಇದೆ, ಹೈವೇ ಪಕ್ಕದ ಮೋಟೆಲ್‌ಗೂ ಇದೆ, ಐಷಾರಾಮ ಎಲ್ಲಿ ಬಂತು. ಜೊತೆಗೆ ಕರ್ನಾಟಕದ ಆ ತೆರಿಗೆ ರಾಜ್ಯದ ಖಜಾನೆಗೆ ಹೋಗ್ತಿತ್ತು, ಊರಿಗೆ ಜನ ಬರೋ ಕೆಲಸಕ್ಕೇ ಖರ್ಚು ಮಾಡ್ಬೇಕು ಅನ್ನೋ ಕಟ್ಟು ಅದಕ್ಕಿರಲಿಲ್ಲ. ಇಲ್ಲಿ ಆ ಕಟ್ಟು ಬಹಳ ಬಿಗಿ. ಎರಡು ಬಾಗಿಲು ದಾಟಬೇಕು, ಮೊದಲು ಆ ಖರ್ಚಿನಿಂದ ಪ್ರವಾಸೋದ್ಯಮಕ್ಕೂ ಹೋಟೆಲ್ ವ್ಯಾಪಾರಕ್ಕೂ ನೇರ ಅನುಕೂಲ ಆಗ್ಬೇಕು, ಆಮೇಲೆ ಕಾನೂನಿನಲ್ಲಿ ಹೆಸರಿಸಿರೋ ಬಾಬತ್ತುಗಳಲ್ಲಿ ಒಂದಕ್ಕೆ ಸೇರ್ಬೇಕು, ಜಾಹೀರಾತು, ಕಲೆ, ಹಳೇ ಕಟ್ಟಡಗಳ ಜೀರ್ಣೋದ್ಧಾರ ಹೀಗೆ. ಊರೋರೇ ಬಂದು ನೋಡಿ ಮನೆಗೆ ಹೋಗಿ ಮಲಗೋ ಕಾರ್ಯಕ್ರಮ ಎಷ್ಟೇ ಚೆನ್ನಾಗಿರ್ಲಿ, ಮೊದಲನೇ ಬಾಗಿಲಲ್ಲೇ ನಿಲ್ಲುತ್ತೆ.

ಇಲ್ಲಿನೋರು ಇದಕ್ಕೆ "ಹೆಡ್ಸ್ ಇನ್ ಬೆಡ್ಸ್" ಅಂತಾರೆ, ಎಷ್ಟು ತಲೆ ಹಾಸಿಗೆಗೆ ಬಿತ್ತು ಅನ್ನೋ ಲೆಕ್ಕ. ಇದನ್ನ ಹಾಗೇ ಕನ್ನಡಕ್ಕೆ ತರೋಕಾಗಲ್ಲ, ನಮ್ಮಲ್ಲಿ ಹಾಸಿಗೆ ಹಿಡಿಯೋದು ಅಂದ್ರೆ ಕಾಯಿಲೆ. "ರೂಮು ತುಂಬೋದು" ಅಂದ್ರೆ ಸಾಕು ಅನ್ಸುತ್ತೆ. ರೂಮ್ ನೈಟ್ ಅನ್ನೋ ಅಳತೆಗೆ ಮಾತ್ರ ಪದ ಬೇಕೇ ಬೇಕು, 10 ರೂಮು 2 ರಾತ್ರಿ ಇದ್ರೆ 20 ಅಂತ ಲೆಕ್ಕ. ಉದ್ಯೋಗ ಖಾತ್ರಿಯಲ್ಲಿ "ಮಾನವ ದಿನಗಳು" ಅಂತಾರಲ್ಲ ಆ ಜಾಡಿನಲ್ಲಿ "ಕೋಣೆರಾತ್ರಿ" ಅಂತ ಮಾಡಿದೀನಿ, ಕಿವಿಗೆ ಹೇಗಿದೆ ಹೇಳಿ.

ಗ್ರಾಂಟ್ ಅನ್ನೋದರಲ್ಲಿ ನಾನು ಮಾಡಿದ ತಪ್ಪು ಇನ್ನೂ ದೊಡ್ಡದು. ಇದು ಮೊದಲೇ ಕೈಗೆ ಬರೋ ದುಡ್ಡಲ್ಲ, ನಾವು ಖರ್ಚು ಮಾಡಿ ಬಿಲ್ಲು ಕೊಟ್ಟಮೇಲೆ ಕೊಡ್ತಾರೆ. ನಾನು "ಮರುಪಾವತಿ ಅನುದಾನ" ಅಂತ ಬರೆದೆ. ಓದಿದೋರಲ್ಲಿ ಅರ್ಧ ಜನಕ್ಕೆ ಇದು ಸಾಲ, ತಿರುಗಿ ಕಟ್ಬೇಕು ಅಂತ ಅರ್ಥ ಆಗಿ, ಸಂಘಕ್ಕೆ ಸಾಲ ಯಾಕೆ ಮಾಡ್ತೀರಿ ಅಂತ ಮೀಟಿಂಗ್‌ನಲ್ಲಿ ಒಂದು ಗಂಟೆ ಮಾತಾಯ್ತು. ಬ್ಯಾಂಕಿನೋರ ಬಾಯಲ್ಲಿ ಮರುಪಾವತಿ ಅಂದ್ರೆ ಸಾಲ ತೀರಿಸೋದೇ ಅಲ್ವಾ. "ಖರ್ಚು ತುಂಬಿಕೊಡ್ತಾರೆ" ಅಂತ ಬರೆದಿದ್ರೆ ಆಗಿಹೋಗ್ತಿತ್ತು, ಮನೇಲಿ ದಿನಾ ಆಡೋ ಮಾತು.

ಈಗ ಮುಖ್ಯ ಪದಕ್ಕೆ ಬರ್ತೀನಿ. ಕಾರ್ಯಕ್ರಮ ಮುಗಿದ ಮೇಲೆ ಎಷ್ಟು ಜನ ಹೊರಗಿಂದ ಬಂದು ಹೋಟೆಲ್‌ನಲ್ಲಿದ್ರು ಅಂತ ಸಿಟಿಗೆ ವರದಿ ಕೊಡ್ಬೇಕು. ಅದಕ್ಕೆ ಬಾಗಿಲಲ್ಲಿ ಒಂದು ಫಾರಂ ಇಟ್ಟಿದ್ವಿ, ಹೆಸರು, ಊರು, ಮೂರನೇ ಕಾಲಂ "ವಸತಿ". ರಾತ್ರಿ ಕೂತು ಎಣಿಸೋಕೆ ಹೋದ್ರೆ ಬಹುಪಾಲು ಜನ ವಸತಿ ಕಾಲಮ್ಮಿನಲ್ಲಿ ತಮ್ಮ ಮನೆ ಅಡ್ರೆಸ್ ಬರೆದಿದ್ದಾರೆ! ರೂಮ್ ತಗೊಂಡೋರು ಖಂಡಿತ ಇದ್ರು, ನಾನೇ ಇಬ್ಬರನ್ನ ಹೋಟೆಲ್‌ಗೆ ಬಿಟ್ಟುಬಂದಿದ್ದೆ, ಕಾಗದದ ಮೇಲೆ ಮಾತ್ರ ಇಲ್ಲ. ವಸತಿ ಯೋಜನೆ, ವಸತಿ ಇಲಾಖೆ ಅಂತ ಕೇಳಿ ಕೇಳಿ ಆ ಪದ ಸ್ವಂತ ಮನೆಗೆ ಅಂಟಿಕೊಂಡುಬಿಟ್ಟಿದೆ. "ಎಲ್ಲಿ ಇಳ್ಕೊಂಡಿದೀರಿ?" ಅಂತ ಕೇಳಿದ್ರೆ ಒಬ್ಬರೂ ತಪ್ಪು ಬರೀತಿರಲಿಲ್ಲ. ನೆಂಟರ ಮನೇಲಿ ಅಂತಲೋ ಇಂಥ ಹೋಟೆಲ್ ಅಂತಲೋ ನೇರವಾಗಿ ಬರುತ್ತೆ. ಈ ವರ್ಷದ ಫಾರಂಗೆ ಅದನ್ನೇ ಹಾಕಿದೀನಿ. ಆದ್ರೆ "ಇಳಿದುಕೊಳ್ಳುವ ತೆರಿಗೆ" ಅಂತ ಹೆಸರು ಮಾಡೋಕೆ ಉದ್ದ ಆಯ್ತು.

ಅದಕ್ಕೇ "ತಂಗು ತೆರಿಗೆ" ಅನ್ನೋ ಯೋಚನೆ. ಇಲ್ಲಿ 30 ದಿನ ಅಥವಾ ಅದಕ್ಕಿಂತ ಹೆಚ್ಚು ಇರ್ತೀನಿ ಅಂದೋರಿಗೆ ಈ ಟ್ಯಾಕ್ಸ್ ಇಲ್ಲ, ಅಷ್ಟು ದಿನ ಇದ್ರೆ ಅದು ವಾಸ ಆಯ್ತು. ಕ್ಯಾಲಿಫೋರ್ನಿಯಾದವರು ಇದನ್ನ ಹೇಳೋಕೇ ಟ್ರಾನ್ಸಿಯೆಂಟ್ (ಸ್ವಲ್ಪ ದಿನ ಇದ್ದು ಹೋಗೋ) ಅಂತ ಒಂದು ಪದ ಮುಂದೆ ಸೇರಿಸ್ತಾರೆ. ಕನ್ನಡದ ತಂಗು ಅನ್ನೋದರೊಳಗೇ ಇದ್ದು ಹೋಗೋದು ಅನ್ನೋದು ಸೇರಿದೆ, ಬೇರೆ ವಿಶೇಷಣ ಬೇಕಿಲ್ಲ. ಅಡ್ಡಿ ಏನಂದ್ರೆ ಬರಹದ ಪದ, ಬಾಯಲ್ಲಿ ಕಮ್ಮಿ, ತಂಗುದಾಣ ಅಂದ್ರೆ ಬಸ್ಸಿಗೆ ಕಾಯೋ ಜಾಗ ಅಂತಾಗಿದೆ.

ಮೊನ್ನೆ ನಮ್ಮ ಅತ್ತೆಯವರ ಹತ್ರ ಇದನ್ನೆಲ್ಲ ಹೇಳ್ತಿದ್ದೆ, ಅವರು ಗದಗದ ಕಡೆಯವರು. ಈರುಳ್ಳಿ ಹೆಚ್ಚುತ್ತಾ ಇದ್ದೋರು ತಲೆ ಎತ್ತದೇ "ವಸ್ತಿ ಇರೋರ ಕಡೆ ತಗೊಳ್ಳೂ ತೆರಿಗಿ ಅನ್ರಿ" ಅಂದ್ರು. ವಸ್ತಿ ಬಸ್ಸು ಗೊತ್ತಲ್ಲ, ರಾತ್ರಿ ಹಳ್ಳೀಲಿ ನಿಂತು ಬೆಳಗ್ಗೆ ಹೊರಡೋದು, ನಮ್ಮ ಕಡೆ ನೈಟ್ ಹಾಲ್ಟ್ ಬಸ್ಸು ಅಂತೀವಿ. ವಸತಿಯಿಂದಲೇ ಬಂದ ಪದ, ಆದ್ರೆ ಅದರಲ್ಲಿ ಒಂದು ರಾತ್ರಿ ಅನ್ನೋದು ಉಳಿದುಕೊಂಡಿದೆ. ನನಗೆ ಇದು ತುಂಬಾ ಹಿಡಿಸ್ತು, ಆದ್ರೆ ಮೈಸೂರು ಕಡೆಯೋರು ಅಚ್ಚಿನ ತಪ್ಪು ಅಂತ ತಿಳ್ಕೊಂಡು ವಸತಿ ಅಂತ ತಿದ್ದಿಬಿಡ್ತಾರೇನೋ ಅಂತ ಭಯ.

ಉತ್ತರ ಕರ್ನಾಟಕದವರು ದಯವಿಟ್ಟು ಹೇಳಿ, ಹೋಟೆಲ್ ರೂಮಿನಲ್ಲಿ ಒಂದೆರಡು ದಿನ ಇದ್ರೂ "ವಸ್ತಿ ಇದ್ವಿ" ಅಂತೀರಾ, ಇಲ್ಲಾ ಬಸ್ಸು ಪಾದಯಾತ್ರೆಗೆ ಮಾತ್ರವಾ? ಕರಾವಳಿಯವರು, ಮಲೆನಾಡಿನವರು ನಿಮ್ಮ ಕಡೆ ಬೇರೆ ಮಾತಿದ್ರೆ ಅದನ್ನೂ ಬರೀರಿ. ಸುತ್ತೋಲೆ ಮುಂದಿನ ವಾರ ಹೋಗ್ಬೇಕು, ಸದ್ಯಕ್ಕೆ "ತಂಗು ತೆರಿಗೆ" ಅಂತ ಇಟ್ಟು ಕೆಳಗೆ "ರೂಮ್ ತಗೊಂಡು ಇಳಿದುಕೊಂಡವರು ಕೊಡೋದು" ಅಂತ ಒಂದು ಸಾಲು ಹಾಕಿದೀನಿ.