ಕೋರ್ ಮೆಮೊರಿಯ 'ಕೋರ್' ತಿರುಳೋ, ಮಣಿಯೋ?

ಎಲ್ಲರಿಗೂ ನಮಸ್ಕಾರ. ಹಳೆಯ ಕಂಪ್ಯೂಟರುಗಳ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. 'ಟೇಪ್'ಗೆ ತೊಂದರೆಯಿಲ್ಲ. ಧ್ವನಿಸುರುಳಿ ಕೇಳಿ ಬೆಳೆದವರು ನಾವು, ಸುರುಳಿ ಅಂದರೆ ಆಯಿತು. 'ಡ್ರಮ್'ಗೆ ಉರುಳೆ ಅಂದೆ. ಸಿಕ್ಕಿಬಿದ್ದದ್ದು 'ಕೋರ್ ಮೆಮೊರಿ'ಯಲ್ಲಿ. ಕರಡು ಓದಿದ ಗೆಳೆಯರೊಬ್ಬರು 'ತಿರುಳು ಮೆಮೊರಿ' ಎಂದು ತಿದ್ದಿ ಕಳಿಸಿದ್ದಾರೆ. ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ.

ವಸ್ತು ಹೀಗಿದೆ. ಹಳೆಯ ಕಂಪ್ಯೂಟರು ಮಾಹಿತಿ ನೆನಪಿಡುತ್ತಿದ್ದ ಭಾಗ ಇದು. ಫೆರೈಟ್ ಎಂಬ ಕಾಂತೀಯ ವಸ್ತುವಿನ ಪುಟ್ಟ ಉಂಗುರಗಳು, ಕಾಳುಮೆಣಸಿಗಿಂತ ಚಿಕ್ಕವು. 1953ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವರ್ಲ್‌ವಿಂಡ್ ಕಂಪ್ಯೂಟರಿಗೆ ಜೇ ಫಾರೆಸ್ಟರ್ ತಂಡ ಹಾಕಿದ್ದು ಇಂಥ ಮೆಮೊರಿಯನ್ನೇ. ಉಂಗುರಗಳ ಒಂದೊಂದು ಹಾಳೆಯಲ್ಲಿ ಉದ್ದಕ್ಕೆ 32, ಅಡ್ಡಕ್ಕೆ 32. ಪ್ರತಿ ಉಂಗುರದೊಳಗೆ ಉದ್ದದ ತಂತಿ ಒಂದು, ಅಡ್ಡದ ತಂತಿ ಒಂದು. ಎರಡರಲ್ಲೂ ಅರ್ಧರ್ಧ ಕರೆಂಟು ಬಿಟ್ಟರೆ, ಅವು ಕೂಡುವ ಕಡೆಯ ಉಂಗುರ ಮಾತ್ರ ಕಾಂತದ ದಿಕ್ಕು ಬದಲಿಸುತ್ತದೆ. ಒಂದು ದಿಕ್ಕು 0, ಇನ್ನೊಂದು 1. ತಮಾಷೆ ಏನಂದರೆ, ಓದಲು ಹೋದರೆ ಬರೆದದ್ದೇ ಅಳಿಸಿಹೋಗುತ್ತದೆ! ಓದಿದ ಕೂಡಲೇ ತಿರುಗಿ ಬರೆದರಾಯಿತು ಅನ್ನೋ ಉಪಾಯ ಹಾರ್ವರ್ಡಿನಲ್ಲಿದ್ದ ಆನ್ ವಾಂಗ್ ಅವರದು. ಆ ಪೇಟೆಂಟನ್ನು ಐಬಿಎಂ 1956ರಲ್ಲಿ 5 ಲಕ್ಷ ಡಾಲರಿಗೆ ಕೊಂಡಿತು.

ಈಗ ಪದಕ್ಕೆ ಬರೋಣ. ಟ್ರಾನ್ಸ್‌ಫಾರ್ಮರಿನ ಕೋರಿಗೆ 'ತಿರುಳು' ಒಪ್ಪುತ್ತದೆ. ಸುತ್ತ ತಂತಿ, ನಡುವೆ ಕಬ್ಬಿಣ. ತಿರುಳು ಒಳಗಿರಬೇಕು ಅಲ್ವಾ? ಇಲ್ಲಿ ಉಂಗುರ ಹೊರಗೆ, ತಂತಿ ಒಳಗೆ. ಇಂಗ್ಲಿಷಿನವರು ಹಳೇ ಹೆಸರನ್ನೇ ಎಳೆದುಕೊಂಡು ಬಂದರು ಅಂತ ನಾವೂ ಎಳೆಯಬೇಕೇ?

ನನ್ನ ಒಲವು 'ಮಣಿ' ಕಡೆಗೆ. ಕಾರಣ ಅದರ ಜತೆ ಬರುವ ಕ್ರಿಯಾಪದ. ಆ ತಂತಿಗಳನ್ನು ಬಹುಕಾಲ ಕೈಯಲ್ಲೇ, ಜಾಸ್ತಿ ಹೆಂಗಸರೇ ಪೋಣಿಸುತ್ತಿದ್ದರು. ಮಣಿ ಅಂದರೆ 'ಪೋಣಿಸು' ತಾನಾಗಿ ಬಾಯಿಗೆ ಬರುತ್ತದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಓಡತೊಡಗಿದ ಕಂಪ್ಯೂಟರು ಟಿಫ್ರ್ಯಾಕ್‌ಗೂ ಇಂಥದ್ದೇ ಮೆಮೊರಿ ಇತ್ತು: 40 ಬಿಟ್ಟಿನ (ಬಿಟ್ ಅಂದರೆ ಒಂದು 0 ಅಥವಾ 1) 2,048 'ಪದ'ಗಳು, ಅಂದರೆ ಕಂಪ್ಯೂಟರು ಒಮ್ಮೆಗೆ ಹಿಡಿಯುವ ಬಿಟ್ಟುಗಳ ಕಟ್ಟುಗಳು. ಬಿಟ್ಟಿಗೊಂದರಂತೆ 81,920 ಮಣಿ. ಇದನ್ನೇ 'ಎಂಬತ್ತೆರಡು ಸಾವಿರ ತಿರುಳು' ಅಂದು ನೋಡಿ, ಗೇರುಬೀಜದ ಫ್ಯಾಕ್ಟರಿ ಲೆಕ್ಕ ಕೇಳಿದ ಹಾಗಿರುತ್ತದೆ.

ನನ್ನದೇ ಒಂದು ತಕರಾರೂ ಇದೆ. ಮಣಿ ಗುಂಡಗೆ, ಅದರ ತೂತು ಸಣ್ಣದು. ಇದರ ಆಕಾರ ಬಳೆಯದು. ಆದರೆ ಬಳೆ ತೊಡುತ್ತೇವೆ, ಪೋಣಿಸುವುದಿಲ್ಲ.

ಇನ್ನು 'ಕೋರ್ ಡಂಪ್'. ಪ್ರೋಗ್ರಾಮು ಕೆಟ್ಟು ನಿಂತಾಗ ಮೆಮೊರಿಯಲ್ಲಿದ್ದದ್ದನ್ನೆಲ್ಲ ಫೈಲಿಗೆ ಸುರಿದರೆ ಈಗಲೂ ಹಾಗೇ ಅಂತಾರೆ, ಉಂಗುರಗಳು ಮೂಲೆ ಸೇರಿ ದಶಕಗಳಾದರೂ. ಅಲ್ಲಿ 'ಕೋರ್' ಎಂದೇ ಬಿಟ್ಟುಬಿಡಲೇ? ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲಿ ಕೋರಿಗೆ ಬೇರೆ ಮಾತು ಕೇಳಿದವರಿದ್ದರೆ ದಯವಿಟ್ಟು ತಿಳಿಸಿ.